ಹದಿಮೂರನೆಯ ಕ್ಷೇತ್ರದಲ್ಲಿ ಒಂದು ಮಂಗಳವಾರ

“ಮಾಮಾ, ನಮ್ಮ ಚಿಕ್ಕೋಡಿಯಾಗ ಹುಟ್ಟಿದವರೊಬ್ಬರು ಇಲ್ಲಿ ಕಾಂಗ್ರೆಸ್ಸಿನಾಗ ಇದ್ದಾರ. ನಾಳೆ ಅವರ ಚುನಾವಣೆ. ನೋಡಾಕ ಬರ್ತೀರೇನ್ರಿ?”

2024ರ ಆಗಸ್ಟ್ 5ರ ರಾತ್ರಿ ಊಟದ ಹೊತ್ತಿಗೆ ನನ್ನ ಸೋದರಳಿಯ ಈ ಮಾತು ತೆಗೆದ. ಆತ ಡೆಟ್ರಾಯಿಟ್ ನಗರದ ಉತ್ತರಕ್ಕಿರುವ ಉಪನಗರವೊಂದರಲ್ಲಿ ಮನೆ ಮಾಡಿಕೊಂಡು ಮೋಟಾರು ಕಾರ್ಖಾನೆಯೊಂದರಲ್ಲಿ ಎಂಜಿನಿಯರನಾಗಿದ್ದಾನೆ. ನಾನು ಬೆಳಗಾವಿ ಜಿಲ್ಲೆಯವನು. ಹನ್ನೆರಡು ಸಾವಿರ ಕಿಲೋಮೀಟರಿಗೂ ದೂರದ ಆ ನಾಡಿನಲ್ಲಿ ಚಿಕ್ಕೋಡಿ ಎಂಬ ಹೆಸರು ಕಿವಿಗೆ ಬಿದ್ದೊಡನೆ ನನಗಾದ ಹಿಗ್ಗನ್ನು ಆ ಜಿಲ್ಲೆಯ ವಾಚಕರು ಬಲ್ಲರು. ಹೋಗದೆ ಇರುವುದು ಸಾಧ್ಯವೇ ಇರಲಿಲ್ಲ.

ಕಾಂಗ್ರೆಸ್ ಎಂದರೆ ನಮಗೆ ಒಂದು ಪಕ್ಷ. ಅಮೆರಿಕೆಯವರಿಗೆ ಅದು ಸಂಸತ್ತು. ಅದರ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ 435 ಸ್ಥಾನಗಳು. ಒಬ್ಬೊಬ್ಬ ಸದಸ್ಯನ ಅವಧಿ ಎರಡೇ ವರ್ಷ. ಗೆದ್ದ ಸಂಭ್ರಮದ ಪಟಾಕಿಯ ಹೊಗೆ ಆರುವ ಮೊದಲೇ ಮುಂದಿನ ಚುನಾವಣೆಯ ಚಿಂತೆ. ಮಿಷಿಗನ್ ರಾಜ್ಯಕ್ಕೆ ಈಗಿರುವ 13 ಕ್ಷೇತ್ರಗಳಲ್ಲಿ ಹದಿಮೂರನೆಯದು ಡೆಟ್ರಾಯಿಟ್ ನಗರದ ಬಹುಭಾಗವನ್ನೂ ಸುತ್ತಲಿನ ಕೆಲವು ಪಟ್ಟಣಗಳನ್ನೂ ಒಳಗೊಂಡಿದೆ. ಸಾರ್ವತ್ರಿಕ ಚುನಾವಣೆ ನಡೆಯುವುದು ನವೆಂಬರಿನಲ್ಲಿ. ಆದರೆ ಈ ಕ್ಷೇತ್ರದಲ್ಲಿ ರಿಪಬ್ಲಿಕನ್ ಪಕ್ಷದವರು ಕಡೆಯ ಬಾರಿ ಗೆದ್ದದ್ದು 1946ರಲ್ಲಿ. ಆದುದರಿಂದ ಡೆಮೊಕ್ರಾಟಿಕ್ ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ತೀರ್ಮಾನಿಸುವ ಆಗಸ್ಟ್ ತಿಂಗಳ ಪ್ರಾಥಮಿಕ ಚುನಾವಣೆಯೇ ಇಲ್ಲಿ ನಿಜವಾದ ಹೋರಾಟ; ನವೆಂಬರಿನದು ಬರಿಯ ಶಾಸ್ತ್ರ. ಅಭ್ಯರ್ಥಿಯನ್ನು ಗೊತ್ತುಮಾಡುವ ಕೆಲಸ ನಮ್ಮಲ್ಲಿ ದಿಲ್ಲಿಯ ಕೊಠಡಿಗಳಲ್ಲಿ ನಡೆದರೆ ಅಲ್ಲಿ ಅದು ಶಾಲೆ, ಚರ್ಚುಗಳ ಮತಗಟ್ಟೆಯಲ್ಲಿ ನಡೆಯುತ್ತದೆ.

ಮರುದಿನ ಬೆಳಿಗ್ಗೆ ವುಡ್‌ವರ್ಡ್ ಅವೆನ್ಯೂ ಎಂಬ ಹಳೆಯ ರಾಜಬೀದಿಯನ್ನು ಹಿಡಿದು ದಕ್ಷಿಣಕ್ಕೆ ಹೊರಟೆವು. ಎಂಟನೆಯ ಮೈಲಿ ರಸ್ತೆಯೇ ನಗರದ ಉತ್ತರದ ಗಡಿ. ಆ ರಸ್ತೆಯ ಈಚೆಗೆ ಕತ್ತರಿಸಿದ ಹುಲ್ಲು, ಸಾಲುಮರ, ಹೊಸ ಅಂಗಡಿಗಳು; ಆಚೆಗೆ ಒಂದು ಮನೆ ಇದ್ದರೆ ಪಕ್ಕದ ಎರಡು ನಿವೇಶನಗಳು ಬಯಲು. 1950ರ ಜನಗಣತಿಯಲ್ಲಿ ಡೆಟ್ರಾಯಿಟಿನ ಜನಸಂಖ್ಯೆ 18 ಲಕ್ಷ 49 ಸಾವಿರ. 2020ರಲ್ಲಿ 6 ಲಕ್ಷ 39 ಸಾವಿರ. ಅಂಕಿಗಳನ್ನು ಓದಿದಾಗ ತಿಳಿಯದ್ದು ಆ ಬಯಲುಗಳನ್ನು ಕಂಡಾಗ ತಿಳಿಯಿತು. ಇದೇ ಎಂಟನೆಯ ಮೈಲಿ ರಸ್ತೆಯ ಬಳಿ 1941ರಲ್ಲಿ ಕಟ್ಟಿದ ಗೋಡೆಯೊಂದು ಇಂದಿಗೂ ನಿಂತಿದೆ. ಅರ್ಧ ಮೈಲಿ ಉದ್ದ, ಆರಡಿ ಎತ್ತರ. ಕಪ್ಪು ಜನರ ಕೇರಿಗೂ ಬಿಳಿಯರಿಗೆಂದು ಹೊಸದಾಗಿ ಕಟ್ಟುತ್ತಿದ್ದ ಬಡಾವಣೆಗೂ ನಡುವೆ ತಡೆಯಿಲ್ಲದಿದ್ದರೆ ಸರಕಾರದ ಖಾತರಿಯ ಸಾಲ ದೊರೆಯದೆಂದು ಗುತ್ತಿಗೆದಾರನೊಬ್ಬ ಅದನ್ನು ಎಬ್ಬಿಸಿದ. ಗೆರೆ ಎಳೆಯುವ ವಿದ್ಯೆ ಈ ಊರಿಗೆ ಹಳೆಯದು.

ದಾರಿಯಲ್ಲಿ ಹೈಲ್ಯಾಂಡ್ ಪಾರ್ಕ್ ಬರುತ್ತದೆ. ಡೆಟ್ರಾಯಿಟಿನ ಹೊಟ್ಟೆಯೊಳಗೇ ಇರುವ ಪ್ರತ್ಯೇಕ ಪುರಸಭೆ ಇದು. ಹೆನ್ರಿ ಫೋರ್ಡ್ 1913ರಲ್ಲಿ ಚಲಿಸುವ ಜೋಡಣಾ ಸಾಲನ್ನು ಆರಂಭಿಸಿದ್ದೂ, ಮರುವರ್ಷ ದಿನಕ್ಕೆ ಐದು ಡಾಲರ್ ಸಂಬಳ ಸಾರಿ ಜಗತ್ತನ್ನು ಬೆರಗುಗೊಳಿಸಿದ್ದೂ ಇಲ್ಲಿಯ ಕಾರ್ಖಾನೆಯಲ್ಲಿಯೇ. 2011ರಲ್ಲಿ ಇದೇ ಊರಿನ ಪುರಸಭೆ ವಿದ್ಯುತ್ತಿನ ಬಾಕಿ ತೀರಿಸಲಾರದೆ ಹೋದಾಗ ಸಾವಿರಕ್ಕೂ ಹೆಚ್ಚು ಬೀದಿ ದೀಪಗಳನ್ನು ಕಂಬಸಹಿತ ಕಿತ್ತೊಯ್ದರು.

ವುಡ್‌ವರ್ಡ್ ರಸ್ತೆ ಮುಗಿಯುವುದು ನದಿಯ ದಡದಲ್ಲಿ. ಎದುರಿಗೆ, ದಕ್ಷಿಣದ ದಂಡೆಯ ಮೇಲೆ, ಕೆನಡಾ ದೇಶದ ವಿಂಡ್ಸರ್ ನಗರ! ಕೆನಡಾ ಎಂದರೆ ಅಮೆರಿಕೆಯ ಉತ್ತರಕ್ಕೆ ಎಂದು ಶಾಲೆಯಲ್ಲಿ ಕಲಿತ ಪಾಠ ಈ ಒಂದೆಡೆ ತಲೆಕೆಳಗಾಗುತ್ತದೆ. ದಡದ ಬಳಿ ಮುಷ್ಟಿಯುದ್ಧದ ವೀರ ಜೋ ಲೂಯಿಯ ನೆನಪಿಗೆ ಇಪ್ಪತ್ತನಾಲ್ಕು ಅಡಿ ಉದ್ದದ ಕಂಚಿನ ತೋಳೊಂದನ್ನು ತೂಗುಹಾಕಿದ್ದಾರೆ. ಮುಖವಿಲ್ಲ, ಮೈಯಿಲ್ಲ, ಬಿಗಿಹಿಡಿದ ಮುಷ್ಟಿ ಮಾತ್ರ.

ಅಲ್ಲಿ ಕುಳಿತು ಅಳಿಯ ಕ್ಷೇತ್ರದ ಪೂರ್ವಕಥೆ ಹೇಳಿದ. ಅದರಲ್ಲಿ ರಂಜನೆ ಕಡಿಮೆ. ನಾನೂ ಬೇಗ ಹೇಳಿ ಮುಗಿಸುತ್ತೇನೆ. ಈ ಸಂಖ್ಯೆಯ ಕ್ಷೇತ್ರದ ಮೊದಲ ಸದಸ್ಯ ಸಭೆಗೆ ಹೋದದ್ದು 1915ರಲ್ಲಿ. ಆಗಲೂ ಮಿಷಿಗನ್ನಿಗೆ 13 ಸ್ಥಾನಗಳೇ ಇದ್ದವು. ಮೋಟಾರು ಕಾರ್ಖಾನೆಗಳಿಗೆ ಜನ ಹರಿದು ಬಂದರೂ, 1920ರ ಜನಗಣತಿಯಂತೆ ಸ್ಥಾನಗಳನ್ನು ಮರುಹಂಚಿಕೆ ಮಾಡಲು ಹಳ್ಳಿಗಾಡಿನ ಸದಸ್ಯರು ಹತ್ತು ವರ್ಷ ಬಿಡಲೇ ಇಲ್ಲ. 1930ರ ಗಣತಿಯ ಮೇಲೆ 13 ಇದ್ದದ್ದು 17 ಆಯಿತು. ಮುಂದೆ 19ಕ್ಕೆ ಏರಿತು. ಆಮೇಲೆ ಹತ್ತು ವರ್ಷಕ್ಕೊಮ್ಮೆ ಇಳಿಯುತ್ತ ಬಂದು 2020ರ ಗಣತಿಯ ನಂತರ ಮತ್ತೆ 13ಕ್ಕೇ ನಿಂತಿತು. ಕಾರಿನ ಊರಿನ ಏಳುಬೀಳನ್ನು ಇಷ್ಟು ಚಿಕ್ಕದಾಗಿ ಹೇಳುವ ಲೆಕ್ಕ ಬೇರೊಂದಿಲ್ಲ. ಆ ಮೊದಲ ದಶಕಗಳಲ್ಲಿ ರಿಪಬ್ಲಿಕನ್ ಪಕ್ಷದ ಮ್ಯಾಕ್ಲೌಡ್ ಎಂಬವರೂ ಡೆಮೊಕ್ರಾಟಿಕ್ ಪಕ್ಷದ ಓ’ಬ್ರಯನ್ ಎಂಬವರೂ ಕುರ್ಚಿಯನ್ನು ಪರಸ್ಪರ ಕಸಿದುಕೊಳ್ಳುತ್ತ ಕಾಲ ಹಾಕಿದರು. ಇಬ್ಬರೂ ಬಿಳಿಯರು.

ಕಥೆಗೆ ಜೀವ ಬರುವುದು 1954ರಲ್ಲಿ. ದಕ್ಷಿಣದ ಹತ್ತಿ ಹೊಲಗಳನ್ನು ಬಿಟ್ಟು ಕಾರ್ಖಾನೆಯ ಕೂಲಿಗೆ ಬಂದ ಕಪ್ಪು ಜನರಿಗೆ ಈ ನಗರದಲ್ಲಿ ಬೇಕಾದಲ್ಲಿ ಮನೆ ಸಿಗುತ್ತಿರಲಿಲ್ಲ. ಪೂರ್ವಭಾಗದ ‘ಬ್ಲ್ಯಾಕ್ ಬಾಟಮ್’ ಎಂಬ ಕೇರಿಯಲ್ಲಿ ಅವರು ಒತ್ತೊತ್ತಾಗಿ ನೆಲೆಸಿದರು. ಹೇಸ್ಟಿಂಗ್ಸ್ ಬೀದಿ ಅವರ ಪೇಟೆ. ಅಂಗಡಿ, ಔಷಧಾಲಯ, ಸಂಗೀತದ ಮನೆಗಳು ಎಲ್ಲವೂ ಅಲ್ಲಿ. ನಾವು ನೋಡಲು ಹೋದಾಗ ಬೀದಿಯ ಜಾಗದಲ್ಲಿ ತಗ್ಗಿನಲ್ಲಿ ಹರಿಯುವ ಹೆದ್ದಾರಿಯೊಂದು ಕಂಡಿತು, ಅಷ್ಟೇ. ನಗರ ಸುಧಾರಣೆಯ ಹೆಸರಿನಲ್ಲಿ ಕೇರಿಯನ್ನು ನೆಲಸಮ ಮಾಡಿ ದಾರಿ ಮಾಡಿದ್ದರು. ಆ ಕೇರಿಯ ಹೆಸರಾಂತ ಶವಸಂಸ್ಕಾರ ಸಂಸ್ಥೆಯ ಮನೆತನದವರು ಚಾರ್ಲ್ಸ್ ಡಿಗ್ಸ್. ಮೂವತ್ತೊಂದು ವರ್ಷದ ಈ ತರುಣ 1954ರ ಆಗಸ್ಟಿನಲ್ಲಿ ಓ’ಬ್ರಯನ್ನರನ್ನು ಪ್ರಾಥಮಿಕ ಚುನಾವಣೆಯಲ್ಲಿ ಸೋಲಿಸಿ, ನವೆಂಬರಿನಲ್ಲಿ ನಗರದ ದೊಡ್ಡ ಪತ್ರಿಕೆಯೊಂದರ ಒಡೆಯರ ಮಗನನ್ನು ಸೋಲಿಸಿ, ಮಿಷಿಗನ್ನಿನಿಂದ ಕಾಂಗ್ರೆಸ್ಸಿಗೆ ಹೋದ ಮೊದಲ ಕಪ್ಪು ಸದಸ್ಯರಾದರು. ಆಗ ಇಡೀ ಸಭೆಯಲ್ಲಿ ಅವರಂಥವರು ಮೂವರೇ.

ಮರುವರ್ಷ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಎಂಬ ಹದಿನಾಲ್ಕರ ಬಾಲಕನನ್ನು ಬಿಳಿಯರು ಕೊಂದರು. ಡಿಗ್ಸ್ ಸಮ್ನರ್ ಎಂಬ ಆ ಸಣ್ಣ ಊರಿನ ನ್ಯಾಯಾಲಯಕ್ಕೆ ಹೋಗಿ ವಿಚಾರಣೆ ಮುಗಿಯುವತನಕ ಕುಳಿತರು. ರಾಷ್ಟ್ರದ ಶಾಸಕರಾದರೂ ಅವರಿಗೆ ಸಿಕ್ಕಿದ ಸ್ಥಳ, ಕಪ್ಪು ಪತ್ರಕರ್ತರಿಗೆಂದು ಮೂಲೆಯಲ್ಲಿ ಹಾಕಿದ ಇಸ್ಪೀಟಿನ ಮೇಜಿನ ಪಕ್ಕದಲ್ಲಿ. ಕೊಲೆಗಾರರು ಬಿಡುಗಡೆಯಾದರು. ಆದರೂ ಆ ದಿನಗಳಲ್ಲಿ ಮಿಸಿಸಿಪ್ಪಿಯ ಕಪ್ಪು ಜನ ಮತ ಹಾಕಲೂ ಆಗದೆ ಇದ್ದಾಗ, ತಮ್ಮ ಬಣ್ಣದ ಶಾಸಕರೊಬ್ಬರು ಆ ಕೋಣೆಯಲ್ಲಿ ಕುಳಿತಿದ್ದುದನ್ನು ಕಣ್ಣಾರೆ ಕಂಡರು.

ಅಲ್ಲಿಂದ ಪೂರ್ವಭಾಗದ ಒಂದು ಚರ್ಚಿಗೆ ಬಂದೆವು. ಅದರ ನೆಲಮಾಳಿಗೆಯೇ ಮತಗಟ್ಟೆ. ಪ್ರಚಾರಕರು ನೂರಡಿ ದೂರ ನಿಲ್ಲಬೇಕೆಂಬುದು ಅಲ್ಲಿಯ ಕಟ್ಟಳೆ. ಧ್ವನಿವರ್ಧಕವಿಲ್ಲ, ಗುಂಪಿಲ್ಲ, ಬೆರಳಿಗೆ ಶಾಯಿಯೂ ಇಲ್ಲ. ಮತಪತ್ರದ ಸಣ್ಣ ಅಂಡಾಕಾರಗಳನ್ನು ತುಂಬಿ ತಾವೇ ಯಂತ್ರದ ಬಾಯಿಗೆ ಕೊಡುತ್ತಾರೆ. ಹೊರಗೆ ಬರುವಾಗ ‘ನಾನು ಮತ ಹಾಕಿದೆ’ ಎಂಬ ಅಂಟುಚೀಟಿ ಸಿಗುತ್ತದೆ. ನಾವಿದ್ದ ಒಂದು ಗಂಟೆಯಲ್ಲಿ ಬಂದವರನ್ನು ಬೆರಳಿನಲ್ಲಿಯೇ ಎಣಿಸಬಹುದಾಗಿತ್ತು. ಇಷ್ಟು ದೊಡ್ಡ ತೀರ್ಮಾನ ಇಷ್ಟು ಕಡಿಮೆ ಜನರ ಕೈಯಲ್ಲಿಯೇ ಎಂದು ನನಗೆ ಪಿಚ್ಚೆನಿಸಿತು.

ಮರದ ನೆರಳಿನಲ್ಲಿ ಮಡಿಸುವ ಕುರ್ಚಿಯ ಮೇಲೆ ಎಂಬತ್ತು ದಾಟಿದ ಕಪ್ಪು ಮುದುಕಿಯೊಬ್ಬರು ಕುಳಿತಿದ್ದರು. ಮೊಮ್ಮಗ ಕಾರು ತರುವತನಕ ಕಾಯುತ್ತಿದ್ದರು. ನಮ್ಮನ್ನು ಕಂಡು ತಾವಾಗಿಯೇ ಮಾತನಾಡಿಸಿದರು.

“ಭಾರತದವರೇ? ನಮ್ಮ ಕಾಂಗ್ರೆಸ್ ಸದಸ್ಯರ ಊರಿನವರೇನು?”

“ಹೌದು, ಅವರು ಹುಟ್ಟಿದ್ದು ನನ್ನ ಜಿಲ್ಲೆಯಲ್ಲಿ,” ಎಂದೆ. ದನಿಯಲ್ಲಿ ಹೆಮ್ಮೆ ಇದ್ದಿರಬೇಕು, ಅವರು ನಕ್ಕರು.

“ಹೆಮ್ಮೆಯಾಗುವುದು ಸಹಜ. 1954ರಲ್ಲಿ ನಮ್ಮ ಅಮ್ಮನಿಗೂ ಹಾಗೆಯೇ ಆಗಿತ್ತು.”

ಅವರ ತಾಯಿ ಅಲಬಾಮಾದಿಂದ ಬಂದವರು. ಅಲ್ಲಿ ಮತಗಟ್ಟೆಯ ಮೆಟ್ಟಿಲು ಹತ್ತುವ ಧೈರ್ಯವಿರದಿದ್ದ ಆಕೆ ಡಿಗ್ಸ್‌ರಿಗೆ ಮತ ಹಾಕುವ ದಿನ ಭಾನುವಾರದ ಚರ್ಚಿನ ಉಡುಪನ್ನೇ ತೊಟ್ಟು ಹೋಗಿದ್ದರಂತೆ. ಹಿಂದಿರುಗಿ ಬಂದು ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, “ಇನ್ನು ವಾಷಿಂಗ್ಟನ್ನಿನಲ್ಲಿ ನಮಗೊಂದು ವಿಳಾಸವುಂಟು,” ಎಂದರಂತೆ.

ಆ ವಿಳಾಸ ಬಹುಕಾಲ ಉಳಿಯಿತು. ಡಿಗ್ಸ್ ಇಪ್ಪತ್ತೈದು ವರ್ಷ ಸದಸ್ಯರಾಗಿದ್ದರು. 1971ರಲ್ಲಿ ಸ್ಥಾಪಿತವಾದ ಕಪ್ಪು ಸದಸ್ಯರ ಕೂಟದ ಮೊದಲ ಅಧ್ಯಕ್ಷರಾದರು. ದಕ್ಷಿಣ ಆಫ್ರಿಕದ ವರ್ಣಭೇದದ ವಿರುದ್ಧ ದನಿಯೆತ್ತಿದರು. ಆದರೆ ಗುಣಗಾನ ಮಾತ್ರ ಮಾಡಿದರೆ ಚರಿತ್ರೆಗೆ ಅಪಚಾರ. ನೌಕರರ ಸಂಬಳವನ್ನು ಏರಿಸಿ ಹೆಚ್ಚಿನ ಹಣವನ್ನು ತಮ್ಮ ಖರ್ಚಿಗೆ ತಿರುಗಿಸಿಕೊಂಡರೆಂದು 1978ರ ಅಕ್ಟೋಬರಿನಲ್ಲಿ ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು. ಮುಂದಿನ ತಿಂಗಳೇ ಚುನಾವಣೆ. ಕ್ಷೇತ್ರದ ಜನ ಅವರನ್ನು ಭಾರಿ ಬಹುಮತದಿಂದ ಮತ್ತೆ ಗೆಲ್ಲಿಸಿದರು! 1979ರಲ್ಲಿ ಸಭೆ 414 ಮತಗಳಿಂದ, ಒಂದೂ ವಿರೋಧವಿಲ್ಲದೆ, ಅವರನ್ನು ಖಂಡಿಸಿತು. 1980ರಲ್ಲಿ ರಾಜೀನಾಮೆ ಕೊಟ್ಟರು. ತಪ್ಪಿತಸ್ಥನನ್ನು ಏಕೆ ಗೆಲ್ಲಿಸಿದಿರಿ ಎಂದು ನಾನು ಆ ವೃದ್ಧೆಯನ್ನು ಕೇಳಿದೆ. “ಮನೆಯ ಹಿರಿಯ ಮಗ ತಪ್ಪು ಮಾಡಿದರೆ ಕದ ಹಾಕಿಕೊಂಡು ಬೈಯುತ್ತೇವೆ. ಬೀದಿಯಲ್ಲಿ ನಿಂತು ಬೈಯುವುದಿಲ್ಲ,” ಎಂದರು. ನ್ಯಾಯವೋ ಅಲ್ಲವೋ, ಉತ್ತರ ಅರ್ಥವಾಯಿತು. ನಮ್ಮಲ್ಲಿಯೂ ಇಂಥ ಹಿರಿಯ ಮಕ್ಕಳಿಗೆ ಬರವಿಲ್ಲ.

ಅವರ ಬಳಿಕ ಬಂದ ಜಾರ್ಜ್ ಕ್ರಾಕೆಟ್ ಈ ಸಾಲಿನಲ್ಲಿ ನನಗೆ ಹೆಚ್ಚು ಹಿಡಿಸಿದ ವ್ಯಕ್ತಿ. ವಕೀಲರಾಗಿ 1949ರಲ್ಲಿ ಕಮ್ಯುನಿಸ್ಟ್ ನಾಯಕರ ಪರವಾಗಿ ವಾದಿಸಿ ನ್ಯಾಯಾಲಯ ನಿಂದನೆಯೆಂದು ನಾಲ್ಕು ತಿಂಗಳು ಸೆರೆಮನೆ ಕಂಡವರು. ಅದೇ ಮನುಷ್ಯ ಮುಂದೆ ಡೆಟ್ರಾಯಿಟಿನಲ್ಲಿ ನ್ಯಾಯಾಧೀಶರಾಗಿ ಕುಳಿತರು. 1969ರಲ್ಲಿ ಚರ್ಚೊಂದರಲ್ಲಿದ್ದ ಕಪ್ಪು ಜನರನ್ನು ಪೊಲೀಸರು ಸಾರಾಸಗಟಾಗಿ ಹಿಡಿದೊಯ್ದಾಗ, ಕ್ರಾಕೆಟ್ ಪೊಲೀಸ್ ಕೇಂದ್ರಕ್ಕೇ ಹೋಗಿ ಅಲ್ಲಿಯೇ ನ್ಯಾಯಾಲಯ ನಡೆಸಿ ಅನೇಕರನ್ನು ಬಿಡಿಸಿದರು. ಕಾಂಗ್ರೆಸ್ಸಿಗೆ ಮೊದಲ ಸಲ ಆರಿಸಿ ಹೋದಾಗ ಅವರಿಗೆ ಎಪ್ಪತ್ತೊಂದು ವರ್ಷ!

ಈ ಕಥೆಗೆ ಒಂದು ಉಪನದಿ ಇದೆ. ಅದನ್ನು ಹೇಳದಿದ್ದರೆ ಮುಂದಿನದು ತಿಳಿಯದು. 1960ರ ಸುಮಾರಿಗೆ ಕ್ಷೇತ್ರಗಳ ಗಾತ್ರಕ್ಕೆ ಹದ್ದುಬಸ್ತಿರಲಿಲ್ಲ. ಮಿಷಿಗನ್ನಿನ ಅತಿ ದೊಡ್ಡ ಕ್ಷೇತ್ರದಲ್ಲಿ 8 ಲಕ್ಷ ಜನ, ಅತಿ ಚಿಕ್ಕದರಲ್ಲಿ 1 ಲಕ್ಷ 77 ಸಾವಿರ. ಒಂದೆಡೆಯ ಒಂದು ಮತಕ್ಕೆ ಇನ್ನೊಂದೆಡೆಯ ನಾಲ್ಕೂವರೆ ಮತದ ತೂಕ. 1964ರಲ್ಲಿ ಸುಪ್ರೀಂ ಕೋರ್ಟು ಕ್ಷೇತ್ರಗಳು ಸಮನಾಗಿರಬೇಕೆಂದು ಜಾರ್ಜಿಯಾ ರಾಜ್ಯದ ಮೊಕದ್ದಮೆಯೊಂದರಲ್ಲಿ ತೀರ್ಪಿತ್ತಿತು. ಹೊಸ ಗೆರೆಗಳು ಬಿದ್ದಾಗ ಡೆಟ್ರಾಯಿಟಿನಲ್ಲಿ ಕಪ್ಪು ಜನ ಹೆಚ್ಚಾಗಿರುವ ಇನ್ನೊಂದು ಕ್ಷೇತ್ರ ಮೂಡಿತು. ಅಲ್ಲಿಂದ ಆರಿಸಿ ಬಂದವರು ಜಾನ್ ಕಾನ್ಯರ್ಸ್. ಮೊದಲ ಪ್ರಾಥಮಿಕ ಚುನಾವಣೆಯಲ್ಲಿ ಅವರ ಗೆಲುವು ನೂರು ಚಿಲ್ಲರೆ ಮತಗಳದು. ಐವತ್ಮೂರು ವರ್ಷಗಳಷ್ಟು ಕಾಲ ಅವರು ಸದಸ್ಯರಾಗಿ ಉಳಿದರು. ಮಾರ್ಟಿನ್ ಲೂಥರ್ ಕಿಂಗರ ಹತ್ಯೆಯಾದ ನಾಲ್ಕನೆಯ ದಿನ ಅವರ ಜನ್ಮದಿನವನ್ನು ರಾಷ್ಟ್ರೀಯ ರಜೆಯಾಗಿಸುವ ಮಸೂದೆ ತಂದು, 1983ರಲ್ಲಿ ಅದು ಕಾಯಿದೆಯಾಗುವತನಕ ಪಟ್ಟು ಬಿಡಲಿಲ್ಲ. ಬಸ್ಸಿನಲ್ಲಿ ಎದ್ದು ಸ್ಥಳ ಬಿಡಲೊಲ್ಲದ ರೋಸಾ ಪಾರ್ಕ್ಸ್ ಡೆಟ್ರಾಯಿಟಿಗೆ ಬಂದು ನೆಲಸಿದ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದದ್ದು ಅವರ ಕಚೇರಿಯಲ್ಲಿಯೇ. ಕಾನ್ಯರ್ಸ್ ಊರು ಬಿಡಲಿಲ್ಲ. ಕ್ಷೇತ್ರದ ಸಂಖ್ಯೆಯೇ 1 ಇದ್ದದ್ದು 14 ಆಗಿ, ಕೊನೆಗೆ 2013ರಲ್ಲಿ 13 ಆಯಿತು.

ಅಷ್ಟರಲ್ಲಿ ಹದಿಮೂರನೆಯ ಕ್ಷೇತ್ರ ಬಾರ್ಬರಾ-ರೋಸ್ ಕಾಲಿನ್ಸ್, ಕ್ಯಾರೊಲಿನ್ ಕಿಲ್‌ಪ್ಯಾಟ್ರಿಕ್ ಎಂಬ ಇಬ್ಬರು ಮಹಿಳೆಯರನ್ನು ಕಂಡಿತ್ತು. ಕಿಲ್‌ಪ್ಯಾಟ್ರಿಕ್ಕರ ಮಗ ನಗರದ ಮೇಯರ್ ಆಗಿ ಹಗರಣದಲ್ಲಿ ಸಿಲುಕಿ 2008ರಲ್ಲಿ ಅಧಿಕಾರ ಬಿಟ್ಟ. ಅದರ ಬಿಸಿ ತಾಯಿಗೂ ತಟ್ಟಿತು. 2010ರಲ್ಲಿ ಅವರನ್ನು ಸೋಲಿಸಿದವರು ಹ್ಯಾನ್ಸೆನ್ ಕ್ಲಾರ್ಕ್. ಇವರ ತಾಯಿ ಡೆಟ್ರಾಯಿಟಿನ ಕಪ್ಪು ಮಹಿಳೆ. ತಂದೆ ಬಂಗಾಳದ ಸಿಲ್ಹೆಟ್ ಕಡೆಯಿಂದ ವಲಸೆ ಬಂದವರು. ನಮ್ಮ ಉಪಖಂಡದ ರಕ್ತ ಈ ಕುರ್ಚಿಗೆ ಮೊದಲು ಬಂದದ್ದು ಹೀಗೆ, ಹೆಚ್ಚು ಸದ್ದಿಲ್ಲದೆ. ಎರಡೇ ವರ್ಷಕ್ಕೆ ಗೆರೆಗಳು ಬದಲಾದವು. ಪಕ್ಕದ ಕ್ಷೇತ್ರಕ್ಕೆ ಹೋದ ಕ್ಲಾರ್ಕ್ ಅಲ್ಲಿ ಸೋತರು.

ಕಾನ್ಯರ್ಸ್ 2017ರ ಡಿಸೆಂಬರಿನಲ್ಲಿ ಮಹಿಳಾ ನೌಕರರ ಆರೋಪಗಳ ನಡುವೆ ರಾಜೀನಾಮೆ ಕೊಟ್ಟ ಮೇಲೆ ನಡೆದದ್ದು ಒಂದು ವಿನೋದ. ಉಳಿದ ಕೆಲವು ವಾರಗಳ ಅವಧಿಗೂ ಮುಂದಿನ ಪೂರ್ಣಾವಧಿಗೂ 2018ರ ಆಗಸ್ಟಿನ ಒಂದೇ ದಿನ, ಒಂದೇ ಮತಪತ್ರದ ಮೇಲೆ ಪ್ರಾಥಮಿಕ ಚುನಾವಣೆ. ಅಲ್ಪಾವಧಿಗೆ ಬ್ರೆಂಡಾ ಜೋನ್ಸ್ ಗೆದ್ದರು; ಪೂರ್ಣಾವಧಿಗೆ ಪ್ಯಾಲಸ್ತೀನಿ ಮೂಲದ ರಶೀದಾ ತ್ಲೈಬ್! ಮತದಾರರಿಗೆ ಮರುಳೇ ಎಂದರೆ, ಅಲ್ಲ. ಒಂದು ಪಟ್ಟಿಯಲ್ಲಿ ನಾಲ್ವರು ಅಭ್ಯರ್ಥಿಗಳು, ಇನ್ನೊಂದರಲ್ಲಿ ಆರು ಜನ. ಹೆಚ್ಚಾದ ಇಬ್ಬರು ಮತಗಳನ್ನು ಹಂಚಿದರು. ಜೋನ್ಸ್ ಐದು ವಾರ ಕಾಂಗ್ರೆಸ್ ಸದಸ್ಯೆಯಾಗಿದ್ದು ಮನೆಗೆ ಬಂದರು. ತ್ಲೈಬ್ ಆ ಸಭೆಯ ಮೊದಲ ಇಬ್ಬರು ಮುಸ್ಲಿಂ ಮಹಿಳೆಯರಲ್ಲಿ ಒಬ್ಬರಾದರು.

ಇನ್ನು 2022. ಗೆರೆ ಎಳೆಯುವ ಅಧಿಕಾರವನ್ನು ಮಿಷಿಗನ್ನಿನ ಮತದಾರರು ಶಾಸಕರ ಕೈಯಿಂದ ಕಿತ್ತು ಸಾಮಾನ್ಯ ನಾಗರಿಕರ ಆಯೋಗಕ್ಕೆ ಕೊಟ್ಟಿದ್ದರು. ಒಳ್ಳೆಯ ಸುಧಾರಣೆಯೇ. ಆಯೋಗ ನಗರದ ಭಾಗಗಳನ್ನು ಉಪನಗರಗಳೊಡನೆ ಬೆರೆಸಿ ಹೊಸ ನಕ್ಷೆ ಮಾಡಿತು. ಹಾಲಿ ಸದಸ್ಯೆ ತ್ಲೈಬ್ ಪಕ್ಕದ ಕ್ಷೇತ್ರಕ್ಕೆ ಹೋದರು, ಹದಿಮೂರನೆಯದು ಬರಿದಾಯಿತು. ಪ್ರಾಥಮಿಕ ಚುನಾವಣೆಗೆ ಒಂಬತ್ತು ಜನ. ಕಪ್ಪು ಮುಖಂಡರ ಸಮಿತಿಯೊಂದು ಒಬ್ಬನೇ ಅಭ್ಯರ್ಥಿಯ ಹಿಂದೆ ಎಲ್ಲರನ್ನೂ ಒಗ್ಗೂಡಿಸಲು ಯತ್ನಿಸಿತು, ಒಗ್ಗೂಡಲಿಲ್ಲ. ಶೇಕಡಾ 28ರಷ್ಟು ಮತ ಪಡೆದು ಗೆದ್ದವರು ನಮ್ಮ ಠಾಣೇದಾರರು.

ಅವರ ಪೂರ್ಣ ಹೆಸರು ಶ್ರೀ ಠಾಣೇದಾರ. ಇಲ್ಲಿ ‘ಶ್ರೀ’ ಗೌರವಸೂಚಕವಲ್ಲ, ಹೆಸರೇ. ಕನ್ನಡದಲ್ಲಿ ಮರ್ಯಾದೆಯಿಂದ ಬರೆಯಹೊರಟರೆ ಎರಡು ಶ್ರೀ ಹಾಕಬೇಕು! ಬೆಳಗಾವಿಯಲ್ಲಿ ಬೆಳೆದು, ರಸಾಯನಶಾಸ್ತ್ರ ಓದಿ, 1979ರಲ್ಲಿ ಅಮೆರಿಕೆಗೆ ಹೋದರು. ಕಟ್ಟಿದ ಪ್ರಯೋಗಶಾಲೆ ಆರ್ಥಿಕ ಕುಸಿತದಲ್ಲಿ ಬ್ಯಾಂಕಿನ ಪಾಲಾಯಿತು. ಮತ್ತೊಂದನ್ನು ಕಟ್ಟಿ ಮಾರಿ ಧನಿಕರಾದರು. ತಮ್ಮ ಕಥೆಯನ್ನು ಮರಾಠಿಯಲ್ಲಿ ಬರೆದಿದ್ದಾರೆ. 2018ರಲ್ಲಿ ರಾಜ್ಯಪಾಲರ ಸ್ಥಾನಕ್ಕೆ ಸ್ಪರ್ಧಿಸಿ ಪ್ರಾಥಮಿಕ ಸುತ್ತಿನಲ್ಲಿ ಮೂರನೆಯವರಾದರು. ಬಳಿಕ ಡೆಟ್ರಾಯಿಟಿಗೆ ಬಂದು ನೆಲಸಿ ರಾಜ್ಯದ ಶಾಸನಸಭೆ ಸೇರಿದರು. ಸ್ವಂತ ಹಣವನ್ನು ಚುನಾವಣೆಗೆ ಧಾರಾಳವಾಗಿ ಸುರಿದರೆಂಬ ಟೀಕೆ ಅಲ್ಲಿ ಬಹಳವಿದೆ. ಅವರು 2023ರ ಜನವರಿಯಲ್ಲಿ ಪ್ರಮಾಣ ಸ್ವೀಕರಿಸಿದಾಗ, 1955ರಿಂದ ಮೊದಲ ಬಾರಿಗೆ, ಡೆಟ್ರಾಯಿಟಿಗೆ ಕಾಂಗ್ರೆಸ್ಸಿನಲ್ಲಿ ಒಬ್ಬ ಕಪ್ಪು ಪ್ರತಿನಿಧಿಯೂ ಇಲ್ಲವಾಯಿತು.

ಇದನ್ನು ವೃದ್ಧೆ ಹೇಳಿದ ರೀತಿಯಲ್ಲಿ ಕಹಿ ಇರಲಿಲ್ಲ. “ಅವರ ಮೇಲೆ ನನಗೆ ದೂರಿಲ್ಲ. ನಿಂತರು, ಗೆದ್ದರು. ನಮ್ಮ ಹುಡುಗರು ಒಬ್ಬರಿಗೊಬ್ಬರು ಅಡ್ಡ ನಿಂತರು. ಗೆರೆ ಎಳೆದವರು ನಮ್ಮನ್ನು ಅಲ್ಲಲ್ಲಿ ಹಂಚಿದರು. ಅಮ್ಮನ ಹಾಗೆ ಉಡುಪು ತೊಟ್ಟು ಬರಲು ಮಾತ್ರ ಈ ಸಲ ಮನಸ್ಸಾಗಲಿಲ್ಲ.” ಯಾರಿಗೆ ಮತ ಹಾಕಿದರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮೊಮ್ಮಗ ಬಂದ. ಎದ್ದು ಹೊರಡುವಾಗ ನನ್ನ ಕೈ ಹಿಡಿದು, “ನಿಮ್ಮ ಊರಿನಲ್ಲಿ ಗೆರೆ ಯಾರು ಎಳೆಯುತ್ತಾರೆ?” ಎಂದರು.

ಆ ಪ್ರಶ್ನೆ ನನ್ನೊಡನೆ ಕಾರು ಹತ್ತಿತು. ಠಾಣೇದಾರರು ಹುಟ್ಟಿದ 1955ರಲ್ಲಿ ಚಿಕ್ಕೋಡಿ ಮುಂಬಯಿ ರಾಜ್ಯದಲ್ಲಿತ್ತು. 1956ರ ನವೆಂಬರ್ 1ರಂದು, ತೊಟ್ಟಿಲಿನ ಕೂಸು ಅಲುಗಾಡದೆಯೇ, ಮೈಸೂರು ರಾಜ್ಯಕ್ಕೆ ಸೇರಿತು. ಅದರ ನೋವು ನಲಿವು ನಮ್ಮ ಗಡಿಯ ಜನರಿಗೆ ಹೊಸದಲ್ಲ. ಚಿಕ್ಕೋಡಿ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದಾಗ 1967ರಿಂದ 1991ರವರೆಗೆ ಏಳು ಚುನಾವಣೆಗಳಲ್ಲಿ ಬಿ. ಶಂಕರಾನಂದರು ಗೆದ್ದರು, 2008ರ ಮರುವಿಂಗಡಣೆಯಲ್ಲಿ ಮೀಸಲು ಹೋಗಿ, 2009ರಿಂದ ಅದು ಸಾಮಾನ್ಯ ಕ್ಷೇತ್ರವಾಯಿತು. ನಮ್ಮಲ್ಲಿ ಕಾನೂನು ಬಾಯಿಬಿಟ್ಟು ‘ಈ ಸ್ಥಾನ ಇವರದು’ ಎನ್ನುತ್ತದೆ. ಅಮೆರಿಕೆಯಲ್ಲಿ ಮೀಸಲಿಲ್ಲ, ಆ ಕೆಲಸವನ್ನು ನಕ್ಷೆಯ ಮೇಲಿನ ಗೆರೆ ಮಾತಿಲ್ಲದೆ ಮಾಡುತ್ತದೆ, ಮಾತಿಲ್ಲದೆ ಕೆಡಿಸುತ್ತದೆ. ಆಯೋಗ ಎಳೆದ ರಾಜ್ಯ ಶಾಸನಸಭೆಯ ಹದಿಮೂರು ಕ್ಷೇತ್ರಗಳನ್ನು, ಡೆಟ್ರಾಯಿಟ್ ಸುತ್ತಿನವನ್ನು, 2023ರ ಡಿಸೆಂಬರಿನಲ್ಲಿ ನ್ಯಾಯಾಲಯ ತಳ್ಳಿಹಾಕಿತು. ಕಾಂಗ್ರೆಸ್ಸಿನ ನಕ್ಷೆ ಆ ಮೊಕದ್ದಮೆಯಲ್ಲಿ ಇರಲಿಲ್ಲ.

ಹಿಂದಿರುಗುವ ಮೊದಲು ಆಲ್ಟರ್ ರಸ್ತೆಗೆ ಹೋದೆವು. ಅದರ ಒಂದು ಬದಿ ಡೆಟ್ರಾಯಿಟ್, ಇನ್ನೊಂದು ಬದಿ ಸರೋವರದ ದಡದ ಶ್ರೀಮಂತ ಗ್ರೋಸ್ ಪಾಯಿಂಟ್. 1960ರವರೆಗೂ ಇಲ್ಲಿ ಮನೆ ಕೊಳ್ಳಬಯಸುವವರ ಬಣ್ಣ, ಕುಲ, ಉಚ್ಚಾರಣೆಗಳಿಗೆ ಅಂಕ ಹಾಕಿ, ಸಾಲದಿದ್ದರೆ ಹಿಂದೆ ಕಳುಹಿಸುತ್ತಿದ್ದರು. ಈಗ ರಸ್ತೆಯ ಎರಡೂ ಬದಿ ಹದಿಮೂರನೆಯ ಕ್ಷೇತ್ರವೇ. ಒಂದು ಬದಿಯಲ್ಲಿ ಪಾಳುಮನೆಯ ಕಿಟಕಿಗೆ ಹಲಗೆ ಹೊಡೆದಿತ್ತು. ಇನ್ನೊಂದು ಬದಿಯಲ್ಲಿ ನೀರಿನ ಕಾರಂಜಿ ಹುಲ್ಲಿನ ಮೇಲೆ ತಿರುಗುತ್ತಿತ್ತು.

ರಾತ್ರಿ ಹತ್ತು ದಾಟಿದ ಮೇಲೆ ಫಲಿತಾಂಶ ಬಂತು. 2022ರಲ್ಲಿ ಎರಡನೆಯವರಾಗಿದ್ದ ಎದುರಾಳಿ, ಬೇಕಾದ ಸಾವಿರ ಸಹಿಗಳು ಊರ್ಜಿತವಾಗದೆ, ಕಣಕ್ಕೇ ಬಂದಿರಲಿಲ್ಲ. ಉಳಿದ ಇಬ್ಬರ ಎದುರು ಠಾಣೇದಾರರು ಅರ್ಧಕ್ಕಿಂತ ಹೆಚ್ಚು ಮತ ಪಡೆದು ಗೆದ್ದರು. ನವೆಂಬರಿನ ಶಾಸ್ತ್ರವೂ ಮುಂದೆ ಹಾಗೆಯೇ ಮುಗಿಯಿತು. “ಮಾಮಾ, ನಮ್ಮವರು ಗೆದ್ದರು!” ಎಂದು ಅಳಿಯ ಕೂಗಿದ. ಪಾಪ, ಅವನ ಮತವೇ ಅಲ್ಲಿರಲಿಲ್ಲ. ಎಂಟನೆಯ ಮೈಲಿಯ ಆಚೆಗಿನವನ ಮನೆ ಬೇರೊಂದು ಕ್ಷೇತ್ರಕ್ಕೆ ಸೇರಿದ್ದು.

ಬೆಳಗಾವಿಯಲ್ಲಿ ಆಗ ಬೆಳಗಿನ ಎಂಟು ಗಂಟೆ. ತಮ್ಮನಿಗೆ ಫೋನು ಮಾಡಿ ಸುದ್ದಿ ತಿಳಿಸಿದೆ. ಅವನಿಗೂ ಹಿಗ್ಗು. “ಛಲೋ ಆತು. ಅಲ್ಲಿಯ ಮಂದಿ ಏನಂತಾರ?” ಎಂದು ಕೇಳಿದ.

ಮರದ ನೆರಳಿನ ಆ ಮುದುಕಿಯ ತಾಯಿ 1954ರಲ್ಲಿ ತೊಟ್ಟ ಉಡುಪಿನಿಂದ ಹೇಳತೊಡಗಿದೆ.